ತೈವಾನಿನಲ್ಲಿ ಜಪಾನಿನ ವಿರುದ್ಧ ಕೋವಿ ಹಿಡಿದವರ ಬಗ್ಗೆ ಗೊತ್ತಿದ್ದವರು ಹೇಳಿ

ಕೆರೆಏರಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಒಂದು ವಾರದಿಂದ ತಲೆ ಕೊರೆಯುತ್ತಿದೆ. ಇಲ್ಲಿ ಓದಿಕೊಂಡವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮೂರಿನ ಗ್ರಂಥಾಲಯದಲ್ಲಿ ಸುಭಾಷ್‌ಚಂದ್ರ ಬೋಸರ ಒಂದು ದೊಡ್ಡ ಫೋಟೋ ಇದೆ. ಮೊನ್ನೆ ಅದರ ಧೂಳು ಒರೆಸುತ್ತಿದ್ದಾಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು, ಇವರು ತೀರಿಕೊಂಡದ್ದು ಎಲ್ಲಿ ಅಂತ ಕೇಳಿದಳು. ಜಪಾನಿನ ತೈಹೋಕು ಅಂದೆ. ಅಲ್ಲೇ ಪೇಪರ್ ಓದುತ್ತಾ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತಿ, "ತೈಹೋಕು ಇರುವುದು ತೈವಾನಿನಲ್ಲಪ್ಪ, ಈಗಿನ ತೈಪೆಯೇ ಅದು, ಆಗ ಆ ದ್ವೀಪ ಜಪಾನಿನ ಕೈಯಲ್ಲಿತ್ತು" ಅಂದರು. ನನಗೆ ಇದು ಗೊತ್ತೇ ಇರಲಿಲ್ಲ. ಹುಡುಗಿ ಬಿಡಲಿಲ್ಲ. "ಹಾಗಾದರೆ ಅಲ್ಲಿಯವರು ನಮ್ಮ ಥರ ಹೋರಾಡಲಿಲ್ವಾ?" ಅಂದಳು.

ಉತ್ತರ ಇಬ್ಬರ ಹತ್ತಿರವೂ ಇರಲಿಲ್ಲ.

ಆಮೇಲೆ ಹುಡುಕಿದೆ. 1895ರಿಂದ 1945ರವರೆಗೆ, ಪೂರ್ತಿ 50 ವರ್ಷ ಜಪಾನ್ ಆಳಿದೆ. ಮೋನಾ ರುದಾವ್ ಅನ್ನುವ ಹೆಸರು ಸಿಕ್ಕಿತು, 1930ರಲ್ಲಿ ಒಂದು ಶಾಲೆಯ ಆಟೋಟದ ದಿನ ದೊಡ್ಡ ದಾಳಿ ನಡೆಯಿತು ಅಂತಲೂ ಸಿಕ್ಕಿತು, ಆದರೆ ಅದೆಲ್ಲ ತುಂಡು ತುಂಡಾಗಿದೆ, ಹಿಂದೆ ಮುಂದೆ ಏನೂ ಅರ್ಥವಾಗುತ್ತಿಲ್ಲ. ನಮ್ಮ ಕಡೆ ಜಪಾನ್ ಅಂದರೆ ಗೌರವ ಜಾಸ್ತಿ. 1905ರಲ್ಲಿ ರಷ್ಯಾವನ್ನು ಸೋಲಿಸಿದ ದೇಶ, ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲೇ ನೋಡಿಕೊಂಡು ಬಂದು ಮೆಚ್ಚಿದ ದೇಶ, ನೇತಾಜಿಗೆ ಜೊತೆ ಕೊಟ್ಟ ದೇಶ ಅಂತಲೇ ಕೇಳಿ ಬೆಳೆದವರು ನಾವು. ಅದೇ ದೇಶ ಇನ್ನೊಂದು ಜನರ ಮೇಲೆ ದೊರೆಯಾಗಿ ಕೂತಿತ್ತು ಅನ್ನುವುದು ಒಳಗೆ ಇಳಿಯುತ್ತಿಲ್ಲ.

ಯಾರು ಹೋರಾಡಿದರು, ಏತಕ್ಕೆ, 1930ರವರೆಗೂ ಅದು ಹೇಗೆ ಉಳಿಯಿತು? ಆ ಹುಡುಗಿಗೆ ಹೇಳುವ ಹಾಗೆ ಹೇಳಿ.

ಅಗ್ರಹಾರದ_ಓದುಗ, ಮೈಸೂರು

ಒಳ್ಳೆಯ ಪ್ರಶ್ನೆ. ನನಗೆ ತಿಳಿದಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಒಂದು ಮಾತು. ಆ ದ್ವೀಪವನ್ನು ಜಪಾನ್ ಅಲ್ಲಿಯ ಜನರ ಜೊತೆ ಕಾದಾಡಿ ಗೆದ್ದುಕೊಂಡದ್ದಲ್ಲ. ಕೊರಿಯಾದ ವಿಷಯಕ್ಕೆ ಚೀನಾಕ್ಕೂ ಜಪಾನಿಗೂ ಯುದ್ಧವಾಯಿತು, ಚೀನಾ ಸೋತಿತು, 1895ರ ಏಪ್ರಿಲ್ 17ರಂದು ಶಿಮೊನೊಸೆಕಿಯಲ್ಲಿ ಒಪ್ಪಂದವಾಯಿತು, ಅದರಲ್ಲಿ ತೈವಾನನ್ನು ಬರೆದುಕೊಟ್ಟುಬಿಟ್ಟರು. ಅಲ್ಲಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮನೆಯವರಿಗೆ ಹೇಳದೆ ಜಮೀನು ಕ್ರಯ ಮಾಡಿದ ಹಾಗೆ.

ಮೇ ತಿಂಗಳಲ್ಲಿ ಅಲ್ಲಿಯ ಅಧಿಕಾರಿಗಳು, ಶ್ರೀಮಂತರು ಸೇರಿ ತಮ್ಮದು ಗಣರಾಜ್ಯ ಅಂತ ಸಾರಿಬಿಟ್ಟರು. ಬಾವುಟದ ಮೇಲೆ ಹಳದಿ ಹುಲಿ. ಅಧ್ಯಕ್ಷರಾದ ಟಾಂಗ್ ಚಿಂಗ್‌ಸಾಂಗ್ ಎರಡು ವಾರ ತುಂಬುವ ಮೊದಲೇ ಹಡಗು ಹತ್ತಿ ಚೀನಾಕ್ಕೆ ಹೋದರು. ದಕ್ಷಿಣದಲ್ಲಿದ್ದ ಲಿಯೂ ಯುಂಗ್‌ಫು ಅಕ್ಟೋಬರ್‌ವರೆಗೆ ನಿಂತರು, ಕೊನೆಗೆ ಅವರೂ ಹೋದರು. ದೊಡ್ಡವರು ಹೀಗೆ ಹೊರಟುಹೋದ ಮೇಲೂ ಕಾದಾಟ ನಿಲ್ಲಲಿಲ್ಲ, ಯಾಕೆಂದರೆ ನಿಜವಾಗಿ ಕಾದಾಡುತ್ತಿದ್ದವರು ಹಳ್ಳಿಯವರು. ಅದರಲ್ಲೂ ಹಾಕ್ಕಾ ಅನ್ನುವ ಜನ, ಬೆಟ್ಟದ ತಪ್ಪಲಿನಲ್ಲಿ ಬೇಸಾಯ ಮಾಡಿಕೊಂಡು ಇದ್ದವರು, ತಮ್ಮ ಊರು ಕಾಯಲು ಮೊದಲೇ ಪಡೆ ಕಟ್ಟಿಕೊಂಡಿದ್ದವರು. ವೂ ಟಾಂಗ್‌ಶಿಂಗ್ ಅನ್ನುವವರು ಅವರ ಒಬ್ಬ ಮುಂದಾಳು. ಆಗಸ್ಟ್ ಕೊನೆಯಲ್ಲಿ ಚಾಂಗ್‌ಹ್ವಾ ಊರಿನ ಪಕ್ಕದ ಬಾಗುವಾ ಗುಡ್ಡದಲ್ಲಿ ಆ ದ್ವೀಪದ ಅತಿ ದೊಡ್ಡ ಕದನ ನಡೆಯಿತು, ಅವರು ಅಲ್ಲೇ ಮಡಿದರು. ಜಪಾನಿ ಸೈನಿಕರಲ್ಲಿ ಗುಂಡಿಗೆ ಸತ್ತವರಿಗಿಂತ ಮಲೇರಿಯಾ, ಕಾಲರಾಕ್ಕೆ ಸತ್ತವರು ಎಷ್ಟೋ ಪಟ್ಟು ಜಾಸ್ತಿ. ಪಡೆ ನಡೆಸಿಕೊಂಡು ಬಂದಿದ್ದ ರಾಜಮನೆತನದ ಕಿತಾಶಿರಕಾವಾ ಕೂಡ ಅಕ್ಟೋಬರ್ ಕೊನೆಯಲ್ಲಿ ಅಲ್ಲೇ ತೀರಿಕೊಂಡರು. ಈ ಹೆಸರು ನೆನಪಿಟ್ಟುಕೊಳ್ಳಿ, 1930ರ ಕಥೆಯಲ್ಲಿ ಮತ್ತೆ ಬರುತ್ತದೆ.

ಊರುಗಳು ಕೈಗೆ ಬಂದವು, ಹಳ್ಳಿಗಳು ಬರಲಿಲ್ಲ. ಉತ್ತರದಲ್ಲಿ ಜಿಯಾನ್ ದಾಶೀ, ನಡುವೆ ಕೆ ತಿಯೆಹು, ದಕ್ಷಿಣದಲ್ಲಿ ಲಿನ್ ಶಾವ್‌ಮಾವ್, ಈ ಮೂವರ ಗುಂಪುಗಳು ವರ್ಷಗಟ್ಟಲೆ ಬೆಟ್ಟ ಹಿಡಿದು ಕೂತವು. 1898ರಲ್ಲಿ ಕೊದಾಮಾ ಗೆಂತಾರೋ ಗವರ್ನರ್ ಜನರಲ್ ಆಗಿ ಬಂದರು, ಜೊತೆಗೆ ಆಡಳಿತ ನೋಡಲು ಗೋತೋ ಶಿಂಪೆ. ಅದೇ ವರ್ಷ ಒಂದು ಕಾನೂನು ತಂದರು. ಗುಂಪು ಕಟ್ಟಿ ಎದುರು ನಿಂತವರೆಲ್ಲ ಡಕಾಯಿತರು, ಮುಂದಾಳಿಗೆ ಗಲ್ಲು. ಹತ್ತು ಮನೆಗೊಬ್ಬ ಮುಖ್ಯಸ್ಥ, ಒಬ್ಬ ತಪ್ಪು ಮಾಡಿದರೆ ಹತ್ತು ಮನೆಯೂ ಹೊಣೆ ಅನ್ನುವ ಹೋಕೋ ಪದ್ಧತಿಯನ್ನು ಬಿಗಿ ಮಾಡಿದರು. ಇನ್ನೊಂದು ಕಡೆಯಿಂದ, ಶರಣಾಗಿ ಬನ್ನಿ, ಕ್ಷಮಿಸುತ್ತೇವೆ ಅಂತ ಕರೆದರು. ನನಗೆ ಅತಿ ಕಹಿ ಅನ್ನಿಸುವುದು ಇದು. 1902ರಲ್ಲಿ ದೌಲಿಯೂ ಕಡೆ ಶರಣಾಗತಿಯ ಸಮಾರಂಭ ಅಂತ ಕರೆಸಿ, ಬಂದವರನ್ನು ಅಲ್ಲೇ ಗುಂಡಿಟ್ಟು ಕೊಂದರು. ಲಿನ್ ಶಾವ್‌ಮಾವ್ ರಾಜಿಯಾಗಿ ಬೇಸಾಯಕ್ಕೆ ಕೂತಿದ್ದರು, ಅದೇ ವರ್ಷ ಅವರನ್ನೂ ಮುಗಿಸಿದರು. ಜಿಯಾನ್ ದಾಶೀ ಚೀನಾಕ್ಕೆ ಓಡಿಹೋದರೆ ಚೀನಾದವರೇ ಹಿಡಿದು ಕೊಟ್ಟರು. ಆ ಕೆಲವೇ ವರ್ಷಗಳಲ್ಲಿ ಸತ್ತವರ ಸಂಖ್ಯೆ ಜಪಾನಿನ ಆಡಳಿತ ಕೊಟ್ಟ ಲೆಕ್ಕದಲ್ಲೇ 10 ಸಾವಿರ ದಾಟುತ್ತದೆ.

ಆಮೇಲೂ ಅಲ್ಲಲ್ಲಿ ಕಿಡಿ ಹಾರುತ್ತಿತ್ತು. 1907ರಲ್ಲಿ ಬೇಪು, 1912ರಲ್ಲಿ ಲಿನ್‌ಚೀಪು, ಅಲ್ಲಿ ಜನ ತಲೆತಲಾಂತರದಿಂದ ಕಡಿಯುತ್ತಿದ್ದ ಬಿದಿರಿನ ಕಾಡನ್ನು ಕಂಪನಿಗೆ ಕೊಟ್ಟದ್ದೇ ಸಿಟ್ಟಿನ ಮೂಲ. ಬಯಲು ಸೀಮೆಯ ಕೊನೆಯ ದೊಡ್ಡ ಬಂಡಾಯ 1915ರ ತಪಾನಿಯದು. ಯೂ ಚಿಂಗ್‌ಫಾಂಗ್ ಅದರ ಮುಂದಾಳು, ಒಂದು ಕಾಲಕ್ಕೆ ಅದೇ ಆಡಳಿತದ ಪೊಲೀಸ್ ಆಗಿದ್ದವರು. ತೈನಾನಿನ ಒಂದು ಗುಡಿಯಲ್ಲಿ ಕಾಣಿಕೆಯ ಹೆಸರಲ್ಲಿ ಹಣ ಕೂಡಿಸಿದರು. ಮಂತ್ರಿಸಿದ ತಾಯಿತ ಕಟ್ಟಿಕೊಂಡರೆ ಗುಂಡು ತಾಕುವುದಿಲ್ಲ ಅಂತ ಜನ ನಂಬಿದ್ದರು. ಕತ್ತಿ, ನಾಡಕೋವಿ ಹಿಡಿದು ಫಿರಂಗಿಯ ಎದುರು ನಿಂತರು. 1,900ಕ್ಕೂ ಹೆಚ್ಚು ಜನರನ್ನು ಹಿಡಿದು 866 ಜನರಿಗೆ ಗಲ್ಲು ವಿಧಿಸಿದರು. ಜಪಾನಿನಲ್ಲೇ ಇದು ಅತಿಯಾಯಿತು ಅಂತ ಗುಲ್ಲೆದ್ದಿತು. ಹೊಸ ಚಕ್ರವರ್ತಿಯ ಪಟ್ಟಾಭಿಷೇಕದ ನೆಪದಲ್ಲಿ ಹೆಚ್ಚಿನವರಿಗೆ ಜೀವಾವಧಿ ಮಾಡಿದರು, ಅಷ್ಟರಲ್ಲಿ 90ಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿ ಆಗಿತ್ತು. ತಪಾನಿಗೆ ಈಗ ಯೂಚಿಂಗ್ ಅಂತ ಹೆಸರು. ಮಾವಿನ ಹಣ್ಣಿಗೆ ಹೆಸರಾದ ಊರು.

ಬೆಟ್ಟದ ಜನರ ಕಥೆ ಬೇರೆ. ಅದನ್ನು ಇನ್ನೂ ಚೆನ್ನಾಗಿ ಬಲ್ಲವರು ಇಲ್ಲಿ ಇದ್ದಾರೆ, ಅವರು ಬರೆಯಲಿ.

ಕೂಳೆಕಬ್ಬು

ನಾನು ಪಾಂಡವಪುರದ ಕಡೆಯವನು. ಕೋವಿಯ ವಿಷಯಕ್ಕೆ ಇದು ನೇರವಾಗಿ ಸೇರುವುದಿಲ್ಲ, ಆದರೂ ಹೇಳದೆ ಇರಲಾರೆ.

ತೈವಾನಿನಲ್ಲಿ ಒಂದು ಗಾದೆ ಇದೆ. ಎಲ್ಲರಿಗಿಂತ ದಡ್ಡ ಯಾರೆಂದರೆ ಕಬ್ಬು ಬೆಳೆದು ಕಂಪನಿಯ ತಕ್ಕಡಿಗೆ ಹಾಕುವವನು, ಅಂತ. ಜಪಾನಿನ ಕಾಲದಲ್ಲಿ ಹುಟ್ಟಿದ ಗಾದೆ ಅದು. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತೆ. ನಮ್ಮಪ್ಪ ಒಂದು ವರ್ಷ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಹೋಗಿ, ಒಂದು ಕಾರ್ಖಾನೆಯ ಮುಂದೆ ಎರಡು ರಾತ್ರಿ ಕಾದು, ಕಬ್ಬು ಒಣಗಿ ತೂಕ ಇಳಿದು, ಬಂದ ಚೀಟಿ ನೋಡಿ ಏನೂ ಮಾತಾಡದೆ ಮಲಗಿಬಿಟ್ಟಿದ್ದರು. ಆಲೆಮನೆಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಅಂತ ಅಮ್ಮ ಅಂದದ್ದು ನೆನಪಿದೆ.

ಅಲ್ಲಿ ಆಲೆಮನೆಗೆ ಕೊಡುವ ದಾರಿಯೂ ಇರಲಿಲ್ಲ. ಇಂತಿಂಥ ಹಳ್ಳಿಯ ಕಬ್ಬು ಇಂಥದ್ದೇ ಕಂಪನಿಗೆ ಅಂತ ಸರ್ಕಾರವೇ ಗೆರೆ ಎಳೆದಿತ್ತು. ದರ ಹೇಳುವವರೂ ಅವರೇ, ತೂಗುವವರೂ ಅವರೇ, ಗೊಬ್ಬರ ಸಾಲಕ್ಕೆ ಕೊಟ್ಟು ಹಿಡಿದುಕೊಳ್ಳುವವರೂ ಅವರೇ. 1925ರಲ್ಲಿ ಎರ್ಲಿನ್ ಅನ್ನುವ ಊರಿನ ರೈತರು ಲೀ ಯಿಂಗ್‌ಚಾಂಗ್ ಅನ್ನುವ ಡಾಕ್ಟರ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. ಮೊದಲು ದರ ಹೇಳಿ, ಆಮೇಲೆ ಕಟಾವು ಮಾಡಿ, ಇಷ್ಟೇ ಅವರು ಕೇಳಿದ್ದು. ಕಂಪನಿಯವರು ಪೊಲೀಸರನ್ನು ಕರೆದುಕೊಂಡು ಗದ್ದೆಗೆ ಇಳಿದರು. ರೈತರು ಕಲ್ಲು, ಕಬ್ಬಿನ ತುಂಡು ಎಸೆದರು. ಸಂಘದವರನ್ನು ಹಿಡಿದು ಜೈಲಿಗೆ ಹಾಕಿದರು. ಅವರ ಪರವಾಗಿ ವಾದಿಸಲು ಫುಸೆ ತತ್ಸುಜಿ ಅನ್ನುವ ವಕೀಲರು ಜಪಾನಿನಿಂದಲೇ ಬಂದಿದ್ದರು. ಇದನ್ನೂ ಆ ಹುಡುಗಿಗೆ ಹೇಳಿ, ಜಪಾನಿನವರೆಲ್ಲ ಒಂದೇ ಅಲ್ಲ ಅಂತ ಅವಳಿಗೆ ಗೊತ್ತಾಗಲಿ.

ಇನ್ನೊಂದು ಮಾತು. ನಮ್ಮಲ್ಲಿ ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದ ಕಾಲದಲ್ಲೇ ಅಲ್ಲಿ ವೂಶಾನ್‌ತೌ ಅನ್ನುವಲ್ಲಿ ಹಟ್ಟಾ ಯೋಇಚಿ ಅನ್ನುವ ಜಪಾನಿ ಎಂಜಿನಿಯರ್ ಒಂದು ಅಣೆಕಟ್ಟು ಕಟ್ಟಿದರು, 1920ರಿಂದ 1930. ನಾಲೆ ಹರಿದು ಒಂದೂವರೆ ಲಕ್ಷ ಹೆಕ್ಟೇರ್ ನೆಲ ನೀರು ಕಂಡಿತು. ಅಲ್ಲಿಯ ರೈತರು ಇವತ್ತಿಗೂ ಅವರ ಪ್ರತಿಮೆಗೆ ಹೂವು ಇಡುತ್ತಾರೆ. ನಮ್ಮ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೋ ದೇವರ ಸಾಲಿನಲ್ಲಿ ಇದೆ ಅಲ್ವಾ, ಹಾಗೆ. ಆ ಗೌರವ ಸುಳ್ಳಲ್ಲ. ಆದರೆ ಅಣೆಕಟ್ಟು ಮುಗಿದ ಅದೇ 1930ರಲ್ಲೇ ಬೆಟ್ಟದಲ್ಲಿ ಅಷ್ಟು ದೊಡ್ಡ ರಕ್ತಪಾತವಾಯಿತು. ನಾಲೆ ತೋರಿಸಿ ಬೆಟ್ಟವನ್ನು ಮುಚ್ಚಬಾರದು, ಬೆಟ್ಟ ತೋರಿಸಿ ನಾಲೆ ಇಲ್ಲ ಅನ್ನಲೂಬಾರದು.

ಕಬಿನಿ_ಮೇಷ್ಟ್ರು

ನಾನು ಎಚ್.ಡಿ. ಕೋಟೆ ಕಡೆ ಹಾಡಿಯ ಮಕ್ಕಳು ಬರುವ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬೆಟ್ಟದ ಜನರ ಕಥೆ ಓದಲು ಶುರು ಮಾಡಿದ್ದು ಈ ಮಕ್ಕಳಿಂದಲೇ. ನನ್ನ ತರಗತಿಯ ಅರ್ಧ ಮಕ್ಕಳ ತಾತಂದಿರು ಕಾಡಿನೊಳಗೆ ಹುಟ್ಟಿದವರು, ಈಗ ಕಾಡಿನ ಹೊರಗೆ ಇದ್ದಾರೆ.

ಕರ್ಪೂರದಿಂದ ಶುರು ಮಾಡುತ್ತೇನೆ. ನಾವು ಮಂಗಳಾರತಿಗೆ ಹಚ್ಚುತ್ತೇವಲ್ಲ, ಅದೇ. ಈಗ ಅದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಆಗ ಮರದಿಂದ ಬರುತ್ತಿತ್ತು. ಕರ್ಪೂರದ ಮರ ಕಡಿದು, ಚಕ್ಕೆ ಮಾಡಿ, ಹಬೆಯಲ್ಲಿ ಬೇಯಿಸಿ ತೆಗೆಯುತ್ತಿದ್ದರು. ಜಗತ್ತಿಗೆ ಬೇಕಾದ ಕರ್ಪೂರದ ದೊಡ್ಡ ಪಾಲು ತೈವಾನಿನ ಬೆಟ್ಟಗಳದು. ಬೆಲೆ ಏರಿದ್ದು ಪೂಜೆಯಿಂದಲ್ಲ, ಸೆಲ್ಯುಲಾಯ್ಡ್ ಮಾಡಲು, ಹೊಗೆ ಬಾರದ ಮದ್ದುಗುಂಡಿಗೆ ಅದು ಬೇಕಿತ್ತು. 1899ರಲ್ಲಿ ಸರ್ಕಾರ ಅದರ ವ್ಯಾಪಾರವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ಮರ ಇದ್ದದ್ದು ಬೆಟ್ಟದಲ್ಲಿ, ಬೆಟ್ಟದಲ್ಲಿ ಇದ್ದದ್ದು ಅತಾಯಲ್, ಸೀಡಿಕ್, ತ್ರುಕು, ಬುನುನ್ ಜನ. ಅವರು ಚೀನೀಯರೂ ಅಲ್ಲ, ಜಪಾನಿಗಳೂ ಅಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿದ್ದವರು.

ಬೆಟ್ಟದ ಸುತ್ತ ಕಾವಲು ಗೆರೆ ಹಾಕಿದರು. ಕಾವಲು ಮನೆ, ಮುಳ್ಳುತಂತಿ, ಕೆಲವು ಕಡೆ ತಂತಿಗೆ ವಿದ್ಯುತ್. ಆ ಗೆರೆ ಒಂದೇ ಜಾಗದಲ್ಲಿ ಇರುತ್ತಿರಲಿಲ್ಲ, ವರ್ಷ ವರ್ಷ ಒಳಗೆ ಒಳಗೆ ಸರಿಯುತ್ತಿತ್ತು. ಒಳಗಿನವರಿಗೆ ಉಪ್ಪು, ಕಬ್ಬಿಣ ಹೋಗದ ಹಾಗೆ ತಡೆದರು. ಉಪ್ಪಿಲ್ಲದೆ ಮನುಷ್ಯ ಎಷ್ಟು ದಿನ ಇದ್ದಾನು? 1903ರಲ್ಲಿ ವೂಶೆ ಕಡೆಯ ಸೀಡಿಕರನ್ನು ಬುನುನ್ ಜನರ ಮೂಲಕ, ಬನ್ನಿ, ಉಪ್ಪು ಕೊಡುತ್ತೇವೆ ಅಂತ ಕರೆಸಿ, ಕುಡಿಸಿ, ಸುಮಾರು ನೂರು ಜನರನ್ನು ಕೊಲ್ಲಿಸಿದರು. ಗಂಡಾಳುಗಳೇ ಇಲ್ಲದ ಊರುಗಳಾದವು. 1914ರಲ್ಲಿ ಗವರ್ನರ್ ಜನರಲ್ ಸಕುಮಾ ಸಮಾತಾ ತಾನೇ ಮುಂದೆ ನಿಂತು ತ್ರುಕು ಜನರ ಮೇಲೆ ಯುದ್ಧಕ್ಕೆ ಹೋದರು. ಹೊರೆಯಾಳುಗಳೂ ಸೇರಿ 20 ಸಾವಿರದಷ್ಟು ಜನ ಒಂದು ಕಡೆ. ಎದುರಿಗೆ ಬರೀ 2-3 ಸಾವಿರ ಬೇಟೆಗಾರರು. ಮೂರು ತಿಂಗಳು ಬೇಕಾಯಿತು. ಆಮೇಲೆ ಮಾಡಿದ ಮೊದಲ ಕೆಲಸ ಕೋವಿಗಳನ್ನು ಕಿತ್ತುಕೊಂಡದ್ದು.

ಬೇಟೆಯ ಜನರ ಕೈಯಿಂದ ಕೋವಿ ಕಿತ್ತುಕೊಂಡರೆ ಏನಾಗುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಲಗಲಿಯ ಬೇಡರು 1857ರಲ್ಲಿ ಅದೇ ಕಾರಣಕ್ಕೆ ಎದ್ದದ್ದು, ಲಾವಣಿ ಇವತ್ತಿಗೂ ಹಾಡುತ್ತಾರೆ.

ಈಗ 1930. ವೂಶೆ ಅನ್ನುವುದನ್ನು ಜಪಾನಿನವರು ಮಾದರಿ ಊರು ಅನ್ನುತ್ತಿದ್ದರು. ಶಾಲೆ ಇತ್ತು, ಅಂಚೆ ಕಚೇರಿ ಇತ್ತು. ಮೋನಾ ರುದಾವ್ ಪಕ್ಕದ ಮಾಹೆಬೋ ಊರಿನ ಯಜಮಾನ. 1911ರಲ್ಲಿ ಜಪಾನಿಗೆ ಕರೆದುಕೊಂಡು ಹೋಗಿ ಅವರ ಬಲ ಏನು ಅಂತ ತೋರಿಸಿದ್ದರು. ಹಾಗಾಗಿ ಎದುರಿಗಿದ್ದವರ ಶಕ್ತಿ ಗೊತ್ತಿಲ್ಲದೆ ಎದ್ದವರಲ್ಲ ಅವರು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಬೇಕು.

ಆ ವರ್ಷ ಶಾಲೆಯ ಹಾಸ್ಟೆಲ್ ಕಟ್ಟಲು ಮರ ತರಿಸುತ್ತಿದ್ದರು. ಬೆಟ್ಟದ ಜನ ಮರದ ದಿಮ್ಮಿಯನ್ನು ಎಳೆದು ತರುವವರು. ಎಳೆದರೆ ಮರ ಗೀಚಿಹೋಗುತ್ತದೆ, ಹೆಗಲ ಮೇಲೆ ಹೊತ್ತು ತನ್ನಿ ಅಂತ ಪೊಲೀಸರು ಹೊರಿಸಿದರು. ಕೂಲಿ ಅಷ್ಟಕ್ಕಷ್ಟೆ. ಅದರ ಮೇಲೆ, ಊರಿನ ಹೆಣ್ಣುಮಕ್ಕಳನ್ನು ಜಪಾನಿ ಪೊಲೀಸರಿಗೆ ಮದುವೆ ಮಾಡಿಸಿ, ಆಮೇಲೆ ಆ ಗಂಡಂದಿರು ಬಿಟ್ಟುಹೋಗುತ್ತಿದ್ದರು. ಮೋನಾ ರುದಾವ್ ತಂಗಿಗೂ ಹಾಗೇ ಆಗಿತ್ತು. ಅಕ್ಟೋಬರಿನಲ್ಲಿ ಮಾಹೆಬೋದಲ್ಲಿ ಒಂದು ಮದುವೆ. ಪೊಲೀಸನೊಬ್ಬ ದಾರಿಯಲ್ಲಿ ಹೋಗುತ್ತಿದ್ದ. ಮೋನಾ ಅವರ ಹಿರಿಮಗ ತಾದೋ ಮೋನಾ ಅವನ ಕೈ ಹಿಡಿದು ಮದ್ಯ ಕುಡಿಯಲು ಕರೆದ. ಪ್ರಾಣಿ ಕಡಿದಿದ್ದ ಕೈ, ರಕ್ತ ಅಂಟಿತ್ತು. ಪೊಲೀಸ್ ಅಸಹ್ಯಪಟ್ಟು ಬೆತ್ತದಿಂದ ಹೊಡೆದ. ಇವರು ತಿರುಗಿಸಿ ಹೊಡೆದರು. ಆಮೇಲೆ ಮೋನಾ ಮದ್ಯ ತೆಗೆದುಕೊಂಡು ಹೋಗಿ ತಪ್ಪಾಯಿತು ಅಂದರೂ ಆ ಕಡೆಯವರು ಒಪ್ಪಲಿಲ್ಲ. ಊರಿಗೆಲ್ಲ ಶಿಕ್ಷೆ ಬರುವುದು ಖಂಡಿತ ಅಂತಾಯಿತು. ಮನೆಗೆ ಬಾ ಅಂತ ಕರೆದು ಬಟ್ಟಲು ಮುಂದೆ ಹಿಡಿದವನಿಗೆ ಹೊಡೆತ! ನಮ್ಮ ಹಳ್ಳಿಯಲ್ಲಿ ಊಟಕ್ಕೆ ಕರೆದವರ ಎಲೆಯನ್ನು ಒದ್ದರೆ ಹೇಗಿರುತ್ತದೆ, ಯೋಚನೆ ಮಾಡಿ.

ಅಕ್ಟೋಬರ್ 27, ಶಾಲೆಯ ಆಟೋಟ. ಅದು ಯಾರ ನೆನಪಿನ ಹಬ್ಬಕ್ಕೆ ಅಂದರೆ, ಮೇಲೆ ಓದುಗರು ಹೇಳಿದ ಅದೇ ಕಿತಾಶಿರಕಾವಾ, 1895ರಲ್ಲಿ ದ್ವೀಪ ಗೆಲ್ಲಲು ಬಂದು ಸತ್ತ ರಾಜಮನೆತನದವನು. ಸುತ್ತಲಿನ ಜಪಾನಿನವರೆಲ್ಲ ಮೈದಾನದಲ್ಲಿ ಸೇರಿದ್ದರು. ವೂಶೆಯ ಸುತ್ತಲಿನ 6 ಊರುಗಳ 300ಕ್ಕೂ ಹೆಚ್ಚು ಜನ ಬೆಳಗಿನ ಜಾವಕ್ಕೇ ಪೊಲೀಸ್ ಠಾಣೆಗಳಿಗೆ ನುಗ್ಗಿ ಕೋವಿ ತೆಗೆದುಕೊಂಡರು, ಫೋನಿನ ತಂತಿ ಕಡಿದರು, ಆಮೇಲೆ ಮೈದಾನಕ್ಕೆ ಇಳಿದರು. 134 ಜಪಾನಿನವರು ಸತ್ತರು. ಚೀನೀ ಮೂಲದವರನ್ನು ಮುಟ್ಟಲಿಲ್ಲ, ಜಪಾನಿ ಬಟ್ಟೆ ಹಾಕಿದ್ದ ಇಬ್ಬರು ತಪ್ಪಿ ಸತ್ತರು.

ಸೈನ್ಯ ಬಂತು. ಬೆಟ್ಟದ ಫಿರಂಗಿ, ವಿಮಾನ, ಅನಿಲ ತುಂಬಿದ ಬಾಂಬು. ಇವರು ಮಾಹೆಬೋ ಹಿಂದಿನ ಕಮರಿ, ಗುಹೆಗಳಲ್ಲಿ ಕೂತು ಸುಮಾರು 50 ದಿನ ನಿಂತರು. 6 ಊರುಗಳ ಒಟ್ಟು ಜನ 1,200ರಷ್ಟು. ಅವರಲ್ಲಿ 644 ಜನ ಸತ್ತರು. ಅದರಲ್ಲೂ 290 ಜನ ತಾವೇ ನೇಣು ಹಾಕಿಕೊಂಡು, ಗುಂಡು ಹೊಡೆದುಕೊಂಡು ಸತ್ತವರು. ಹೆಂಗಸರು ಗಂಡಂದಿರಿಗೆ ಇರುವ ಅನ್ನ ಉಳಿಯಲಿ, ಹಿಂದೆ ತಿರುಗಿ ನೋಡದೆ ಕಾದಾಡಲಿ ಅಂತ ಮಕ್ಕಳ ಜೊತೆ ಮರಕ್ಕೆ ನೇಣು ಹಾಕಿಕೊಂಡರು. ಮೋನಾ ರುದಾವ್ ಬೆಟ್ಟದ ಒಳಗೆ ಹೋಗಿ ಗುಂಡು ಹೊಡೆದುಕೊಂಡರು. ಕಳೇಬರ ಸಿಕ್ಕಿದ್ದು 1933ರಲ್ಲಿ. ಅದನ್ನು ಜನರ ಮುಂದೆ ನೋಟಕ್ಕೆ ಇಟ್ಟರು, ಆಮೇಲೆ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1973ರಲ್ಲಿ ಅದು ಮರಳಿ ವೂಶೆಯ ಮಣ್ಣಿಗೆ ಸೇರಿತು. ಈಗ ತೈವಾನಿನ 20 ಡಾಲರ್ ನಾಣ್ಯದ ಮೇಲೆ ಅವರ ಮುಖ ಇದೆ.

ಕೆರೆಏರಿ_ಮಂಡ್ಯ

ಮೇಷ್ಟ್ರೇ, ನಿಮ್ಮದನ್ನು ಎರಡು ಸಲ ಓದಿದೆ. ಒಂದು ಕಡೆ ಎದೆ ತುಂಬುತ್ತದೆ, ಇನ್ನೊಂದು ಕಡೆ ಹಿಂಸೆಯಾಗುತ್ತದೆ. ಆಟೋಟದ ದಿನ ಅಂದಿರಿ. ಆ 134 ಜನರಲ್ಲಿ ಹೆಂಗಸರು, ಮಕ್ಕಳು ಇರಲಿಲ್ವಾ? ಇದನ್ನು ಆ ಹುಡುಗಿಗೆ ನಾನು ಏನಂತ ಹೇಳಲಿ?

ಕಬಿನಿ_ಮೇಷ್ಟ್ರು

ಇದ್ದರು. ಹೆಂಗಸರು, ಶಾಲೆಯ ಮಕ್ಕಳು ಇದ್ದರು. ಮುಚ್ಚಿಡಬೇಡಿ. ನಾನು ನನ್ನ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುವಾಗಲೆಲ್ಲ ಅದು ನೆನಪಾಗುತ್ತದೆ. ಆ ಮಕ್ಕಳ ಸಾವಿಗೆ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ. ಅವರನ್ನು ಕೊಂದವರ ಮಕ್ಕಳೂ ಒಂದು ತಿಂಗಳಲ್ಲಿ ಅದೇ ಬೆಟ್ಟದಲ್ಲಿ ಸತ್ತರು. ಎರಡನ್ನೂ ಹೇಳಿ. ಏಳನೇ ಕ್ಲಾಸಿನ ಮಗುವಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ.

ಒಂಟಿಕೊಪ್ಪಲು_ಅಕ್ಕ

ಮೇಷ್ಟ್ರು ಇಬ್ಬರು ಹುಡುಗರನ್ನು ಬಿಟ್ಟಿದ್ದಾರೆ. ನಾನು ಅವರ ಬಗ್ಗೆ ಬರೆಯಲೇಬೇಕು.

ದಾಕಿಸ್ ನೋಬಿಂಗ್ ಮತ್ತು ದಾಕಿಸ್ ನಾವಿ. ಇಬ್ಬರೂ ಸೀಡಿಕರು. ಅಣ್ಣತಮ್ಮಂದಿರಲ್ಲ, ಆದರೆ ಜಪಾನಿನವರು ಹನಾಓಕಾ ಇಚಿರೋ, ಹನಾಓಕಾ ಜಿರೋ ಅಂತ, ಅಂದರೆ ಒಂದೇ ಮನೆಯ ಹಿರಿಯ, ಕಿರಿಯ ಅನ್ನುವ ಹಾಗೆ ಹೆಸರಿಟ್ಟರು. ಓದಿಸಿದರು. ನೋಡಿ, ನಾವು ಇವರನ್ನು ಹೇಗೆ ತಿದ್ದಿದ್ದೇವೆ ಅಂತ ತೋರಿಸಲು ಅವರೇ ಬೇಕಿತ್ತು. ನೋಬಿಂಗ್ ಶಿಕ್ಷಕರ ತರಬೇತಿ ಮುಗಿಸಿದ್ದ. ಆದರೂ ಕೊಟ್ಟದ್ದು ಕೆಳದರ್ಜೆಯ ಪೊಲೀಸ್ ಕೆಲಸ.

ಆ ದಿನ ಇಬ್ಬರೂ ನಡುವೆ ಸಿಕ್ಕಿಕೊಂಡರು. ಆ ಕಡೆಯವರಿಗೆ ದ್ರೋಹಿ, ಈ ಕಡೆಯವರಿಗೂ ಪೂರ್ತಿ ತಮ್ಮವರಲ್ಲ. ಮನೆಯ ಗೋಡೆಯ ಮೇಲೆ ಒಂದು ಬರಹ ಬಿಟ್ಟು ಹೋದರು. ಹೊರಿಸಿದ ದುಡಿಮೆ ಅತಿಯಾಗಿ ಜನರಿಗೆ ಸಿಟ್ಟು ಬಂತು, ಅದಕ್ಕೆ ಹೀಗಾಯಿತು, ನಾವೂ ಹೊರಡುತ್ತೇವೆ, ಇಷ್ಟೇ ಅದರ ಸಾರ. ಆಮೇಲೆ ಮನೆಯವರನ್ನು ಕರೆದುಕೊಂಡು ಬೆಟ್ಟ ಹತ್ತಿದರು. ನೋಬಿಂಗ್ ಜಪಾನಿನವರ ಹಾಗೆ ಹೊಟ್ಟೆ ಸೀಳಿಕೊಂಡು ಸತ್ತ. ನಾವಿ ತನ್ನ ಜನರ ಹಾಗೆ ಮರಕ್ಕೆ ನೇಣು ಹಾಕಿಕೊಂಡ. ನಾವಿಯ ಹೆಂಡತಿ ಓಬಿಂಗ್ ತಾದಾವ್ ಬಸುರಿ. ನೀನು ಬದುಕು ಅಂತ ಅವಳನ್ನು ಕಳಿಸಿದ್ದ. ಅವಳು ಬದುಕಿದಳು, ಮಗುವೂ ಬದುಕಿತು.

ಆ ನೋಬಿಂಗ್ ನನ್ನನ್ನು ಬಿಡುವುದೇ ಇಲ್ಲ. ಬೇರೆಯವರ ಭಾಷೆಯಲ್ಲಿ ಓದಿ, ಬೇರೆಯವರ ಹೆಸರು ಹೊತ್ತು, ಸಾಯುವ ಹೊತ್ತಿಗೂ ಯಾವ ರೀತಿ ಸಾಯಬೇಕು ಅಂತ ಆರಿಸಿಕೊಳ್ಳಬೇಕಾಗಿ ಬಂದವನು.

ಇನ್ನೊಂದು, ಯಾರೂ ಹೇಳಲು ಇಷ್ಟಪಡದ ಮಾತು. ಸೀಡಿಕರಲ್ಲೇ ತೋದಾ ಅನ್ನುವ ಗುಂಪು ಜಪಾನಿನ ಜೊತೆ ನಿಂತಿತು. ಹಳೆಯ ಹಗೆ ಇತ್ತು, ತಲೆಗೆ ಇಷ್ಟು ಅಂತ ಬಹುಮಾನವೂ ಇತ್ತು. ಕಾದಾಟದಲ್ಲಿ ಅವರ ಯಜಮಾನ ತೇಮು ವಾಲಿಸ್ ಸತ್ತ. ಆ ಸೇಡು ಆರಲಿಲ್ಲ. 1931ರ ಏಪ್ರಿಲ್ 25ರಂದು, ಶರಣಾಗಿ ಬಂದು ಕಾವಲಿನಲ್ಲಿ ಇದ್ದವರ ಮೇಲೆ ತೋದಾದವರು ಬಿದ್ದು 200ಕ್ಕೂ ಹೆಚ್ಚು ಜನರನ್ನು ಕೊಂದರು. ಪೊಲೀಸರ ಕುಮ್ಮಕ್ಕು ಇಲ್ಲದೆ ಇದು ಆಗುವ ಕೆಲಸವಲ್ಲ. ತೋದಾದವರನ್ನು ದ್ರೋಹಿಗಳು ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಅವರಿಗೆ ಸೀಡಿಕ್ ಅಂತ ಒಂದು ದೇಶ ಇರಲಿಲ್ಲ, ತೈವಾನ್ ಅಂತಲೂ ಇರಲಿಲ್ಲ. ಅವರವರ ಊರು, ಅವರವರ ಬೇಟೆಯ ಕಾಡು ಇತ್ತು. ಗಾಯಾ ಅಂತ ಅನ್ನುತ್ತಾರೆ, ಹಿರಿಯರು ಹಾಕಿಕೊಟ್ಟ ಕಟ್ಟಳೆ. ಅದರಂತೆ ನಡೆದವನು ಸತ್ತ ಮೇಲೆ ಕಾಮನಬಿಲ್ಲಿನ ಸೇತುವೆ ದಾಟಿ ಹಿರಿಯರನ್ನು ಸೇರುತ್ತಾನೆ ಅಂತ ನಂಬಿಕೆ. ಮೋನಾ ರುದಾವ್ ಕಾದಾಡಿದ್ದು ಆ ಗಾಯಾಕ್ಕಾಗಿ. ನಮ್ಮ ಸ್ವಾತಂತ್ರ್ಯ ಹೋರಾಟದ ಹಾಗೆ ಅಂತ ಹೇಳಿದರೆ ಮಗುವಿಗೆ ಸುಲಭವಾಗಿ ಅರ್ಥವಾಗುತ್ತದೆ, ನಿಜ. ಆದರೆ ಅದು ಪೂರ್ತಿ ಸರಿಯಲ್ಲ. ಶಿವಪುರದಲ್ಲಿ 1938ರಲ್ಲಿ ಬಾವುಟ ಹಾರಿಸಿದವರಿಗೆ ಒಂದು ದೇಶದ ಕನಸು ಇತ್ತು. ಇವರಿಗೆ ಇದ್ದದ್ದು ಒಂದು ಬೆಟ್ಟ.

ಕೂಳೆಕಬ್ಬು

ಅಕ್ಕ, ಬೆಟ್ಟ ಅಂದರೂ ಅದು ಸಣ್ಣದಲ್ಲ. ಕನ್ನಂಬಾಡಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಸರನ್ನು ನಮ್ಮಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ದೇಶ ಅಂದರೆ ಅದೇ.

ಕೆರೆಏರಿ_ಮಂಡ್ಯ

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೇಳಿದ್ದು ಒಂದು, ಸಿಕ್ಕಿದ್ದು ಹತ್ತು. ಭಾನುವಾರ ಗ್ರಂಥಾಲಯದಲ್ಲಿ ಆ ಹುಡುಗಿಗೂ ಅವಳ ಜೊತೆಯವರಿಗೂ ಹೇಳುತ್ತೇನೆ. ಕರ್ಪೂರದಿಂದ ಶುರು ಮಾಡುತ್ತೇನೆ, ಮೇಷ್ಟ್ರ ಹಾಗೆ. ನೇತಾಜಿಯ ಫೋಟೋ ಅಲ್ಲೇ ಇರುತ್ತದೆ. ಅವರ ಮೇಲಿನ ಪ್ರೀತಿ ಇದರಿಂದ ಕಡಿಮೆ ಆಗಿಲ್ಲ, ಆದರೆ ಅವರು ಕೊನೆಯ ಸಲ ವಿಮಾನ ಹತ್ತಿದ ನೆಲ ಯಾರದು ಅಂತ ಈಗ ಗೊತ್ತಾಯಿತು.

ಒಂದೇ ಒಂದು ಉಳಿದಿದೆ. ಅಷ್ಟೆಲ್ಲ ಆದ ಮೇಲೆ ಬದುಕಿ ಉಳಿದವರು ಏನಾದರು? ಅವರ ಕಡೆಯವರು ಯಾರಾದರೂ ಈಗ ಇದ್ದಾರಾ?

ಕಬಿನಿ_ಮೇಷ್ಟ್ರು

ಇದ್ದಾರೆ. 6 ಊರುಗಳಲ್ಲಿ ಕೊನೆಗೆ ಉಳಿದದ್ದು 298 ಜನ. 1931ರ ಮೇ ತಿಂಗಳಲ್ಲಿ ಅವರನ್ನು ಬೆಟ್ಟದಿಂದ ಇಳಿಸಿ, ಸುತ್ತಲೂ ಹೊಳೆ ಇರುವ ಒಂದು ತಗ್ಗಿನ ಜಾಗಕ್ಕೆ ತಂದು ಬಿಟ್ಟರು. ಜಪಾನಿನವರು ಅದಕ್ಕೆ ಕವಾನಾಕಾಜಿಮಾ ಅಂತ ಹೆಸರಿಟ್ಟರು, ಹೊಳೆ ನಡುವಿನ ದ್ವೀಪ ಅಂತ ಅರ್ಥ. ಓಡಿಹೋಗಲು ಆಗದ ಜಾಗ. ಬೆಟ್ಟದ ತಂಪಿನಲ್ಲಿ ನವಣೆ ಬೆಳೆದುಕೊಂಡು, ಬೇಟೆಯಾಡಿಕೊಂಡು ಇದ್ದವರಿಗೆ ಗದ್ದೆ ಕೊಟ್ಟು ಭತ್ತ ನೆಡಿ ಅಂದರು. ಎಷ್ಟೋ ಜನ ಮಲೇರಿಯಾಕ್ಕೆ ಸತ್ತರು. ಕೆಲವರು ದುಃಖ ತಡೆಯಲಾರದೆ ತಾವೇ ಪ್ರಾಣ ಬಿಟ್ಟರು. ಉಳಿದವರು ಗದ್ದೆ ಮಾಡುವುದನ್ನು ಕಲಿತರು.

ಮೋನಾ ಅವರ ಮಗಳು ಮಾಹುಂಗ್ ಮೋನಾ ಕೂಡ ಅಲ್ಲಿಗೆ ಹೋದವರಲ್ಲಿ ಒಬ್ಬರು. ಬೆಟ್ಟದಲ್ಲಿ ಅಡಗಿದ್ದ ಅಣ್ಣ ತಾದೋನನ್ನು ಶರಣಾಗು ಅಂತ ಒಪ್ಪಿಸಲು ಅವರ ಕೈಯಲ್ಲೇ ಮದ್ಯ ಕೊಟ್ಟು ಕಳಿಸಿದ್ದರು. ಅಣ್ಣ ಆ ಮದ್ಯ ಕುಡಿದ, ಶರಣಾಗಲಿಲ್ಲ, ಜೊತೆಯವರೊಂದಿಗೆ ನೇಣು ಹಾಕಿಕೊಂಡ. ಅದನ್ನು ಹೊತ್ತುಕೊಂಡು ಆಕೆ ಇನ್ನೂ ನಾಲ್ಕು ದಶಕ ಬದುಕಿದರು.

ಆ ಊರಿಗೆ ಈಗ ಚಿಂಗ್‌ಲಿಯೂ ಅನ್ನುತ್ತಾರೆ. ಭತ್ತದ ಗದ್ದೆಗಳ ಸಣ್ಣ ಊರು. ಉಳಿದವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಊರಿನಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ, ಅದರ ಹೆಸರು "ಉಳಿದ ಬದುಕು".